ಕಾದಂಬರಿ ಓದಿದ ಕನ್ಯೆ ಬೇಕಾಗಿದ್ದಾಳೆ

ನಮ್ಮ ಮನೆಗೆ ಈವರೆಗೆ ಒಂದೇ ಕಾದಂಬರಿಯ ಮೂರು ಪ್ರತಿಗಳು ಬಂದಿವೆ. ನಾವು ಕೊಂಡದ್ದು ಒಂದು. ಉಳಿದೆರಡು ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ಚೀಲದಲ್ಲಿ ಬಂದವು. ಮೊದಲೆಲ್ಲ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಹೋದರೆ ಹೊರಡುವಾಗ ಒಂದು ಬ್ಲೌಸ್ ಪೀಸ್ ಕೈಸೇರುತ್ತಿತ್ತು. ಅದನ್ನು ಹೊಲಿಸಿಕೊಂಡವರನ್ನು ನಾನು ಕಂಡಿಲ್ಲ. ತುಮಕೂರಿನಿಂದ ಗುಬ್ಬಿಗೆ, ಗುಬ್ಬಿಯಿಂದ ಕುಣಿಗಲ್ಲಿಗೆ ಮಡಿಕೆ ಬಿಚ್ಚದೆ ಓಡಾಡಿ, ಯಾವುದೋ ಶ್ರಾವಣ ಶುಕ್ರವಾರ ಅದು ನಮ್ಮ ಮನೆಗೇ ವಾಪಸಾಗುತ್ತಿತ್ತು. ನಾನು ಮೂಸಿ ಗುರುತು ಹಿಡಿಯುತ್ತಿದ್ದೆ: ನಮ್ಮ ಬೀರುವಿನ ನುಸಿಗುಳಿಗೆ. ಈಗ ಓದುವ ಸಂಸ್ಕೃತಿ ಬೆಳೆಸಬೇಕೆಂದು ಜನ ಬ್ಲೌಸ್ ಪೀಸಿನ ಬದಲು ಈ ಕಾದಂಬರಿ ಕೊಡುತ್ತಿದ್ದಾರೆ. ಸಂಸ್ಕೃತಿ ಬೆಳೆಯಿತೋ ಇಲ್ಲವೋ ಹೇಳಲಾರೆ; ಪುಸ್ತಕವಂತೂ ಮಡಿಕೆ ಬಿಚ್ಚದೆ ಓಡಾಡುತ್ತಿದೆ.

ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ನನ್ನ ಜೊತೆ ಮಾತು ಬಿಡುತ್ತೀರಿ. ಇನ್ನರ್ಧ ಜನ ‘ನಾನೂ ಓದಬೇಕು ಅಂತ ತಂದಿಟ್ಟಿದೀನಿ ಕಣ್ರೀ’ ಎನ್ನುತ್ತೀರಿ. ಕಥೆ ಮಾತ್ರ ಹೇಳಿಬಿಡುತ್ತೇನೆ. ಆಕಾಶವೇ ಇಲ್ಲದ ಒಂದು ರಾಜ್ಯ. ಪಕ್ಕದ ರಾಜ್ಯದಿಂದ ಆಕಾಶವನ್ನು ಬಾಡಿಗೆಗೆ ತಂದು ಮೇಲೆ ಹಾಸಿಕೊಂಡಿರುತ್ತಾರೆ. ಹಳೆಯ ಆಕಾಶ, ಅಲ್ಲಲ್ಲಿ ಹರಿದಿದೆ. ಅದಕ್ಕೆ ತೇಪೆ ಹಾಕುವ ಕೆಲಸ ಒಬ್ಬ ಹುಡುಗಿಯದು. ಅವಳಿಗೆ ಜೊತೆ ಒಂದು ಮಾತಾಡುವ ಮುಂಗುಸಿ. ಒಂದು ದಿನ ಆಕಾಶದ ಒಡೆಯ ಬಂದು, ಖಾಲಿ ಮಾಡಿ ಎನ್ನುತ್ತಾನೆ. ಹುಡುಗಿಯೂ ಮುಂಗುಸಿಯೂ ಬೇರೆ ಆಕಾಶ ಹುಡುಕಿಕೊಂಡು ಹೊರಡುತ್ತಾರೆ. ಮಧ್ಯೆ ‘ಮೌನದ ಸೀಮೆ’ ಎಂದು ಒಂದು ಭಾಗ ಬರುತ್ತದೆ. ಅಲ್ಲಿ ಯಾರೂ ಮಾತಾಡುವುದಿಲ್ಲ, ಪುಟಗಟ್ಟಲೆ ಮಾತಾಡುವುದಿಲ್ಲ. ಆ ಸೀಮೆ ದಾಟಿದ ಮೇಲೆ ಮುಂಗುಸಿ ಸಾಯುತ್ತದೆ. ಹುಡುಗಿ ಒಬ್ಬಳೇ ಮುಂದಕ್ಕೆ ಹೋಗುತ್ತಾಳೆ.

ಇಷ್ಟೇ. ಇಷ್ಟಕ್ಕೆ ನಮ್ಮ ತುಮಕೂರು ಎರಡು ಭಾಗವಾಗಿದೆ. ಬೆಳಗ್ಗೆ ವಾಕಿಂಗ್ ಹೋಗುವ ಮೈದಾನದಲ್ಲಿ ಕಾದಂಬರಿ ಮೆಚ್ಚಿದವರು ಬಲದಿಂದ ಸುತ್ತುತ್ತಾರೆ, ಮೆಚ್ಚದವರು ಎಡದಿಂದ ಸುತ್ತುತ್ತಾರೆ, ಎದುರಾದಾಗ ಶುಗರ್ ಬಗ್ಗೆ ಮಾತಾಡುತ್ತಾರೆ. ಮೆಚ್ಚಿದವರಲ್ಲಿ ಓದಿದವರು ಎಷ್ಟು ಎಂದು ನಾನು ಕೇಳಲು ಹೋಗಿಲ್ಲ. ಮೆಚ್ಚದವರಲ್ಲಂತೂ ಹೆಚ್ಚಿನವರು ಮೆಚ್ಚಿದವರ ಮುಖ ನೋಡಿಯೇ ತೀರ್ಮಾನಕ್ಕೆ ಬಂದವರು.

ನಮ್ಮ ಮನೆಯದೇ ಹೇಳುತ್ತೇನೆ. ನಮ್ಮ ಯಜಮಾನರು ಮೊದಲ ಪುಟದಲ್ಲಿದ್ದ ಆ ರಾಜ್ಯಗಳ ನಕ್ಷೆಯನ್ನು ಕನ್ನಡಕ ಹಣೆಗೇರಿಸಿಕೊಂಡು ತುಂಬಾ ಹೊತ್ತು ನೋಡಿದರು. ಯಾವ ಊರಿಂದ ಯಾವ ಊರಿಗೆ ಬೈಪಾಸ್ ಹಾಕಬಹುದಿತ್ತು ಎಂದು ಬೆರಳಲ್ಲಿ ಗೆರೆ ಎಳೆದರು. ಆಮೇಲೆ ಪುಸ್ತಕ ಮುಚ್ಚಿ, “ಮ್ಯಾಪ್ ಚೆನ್ನಾಗಿದೆ” ಎಂದರು. ಅದೇ ಅವರ ವಿಮರ್ಶೆ. ಆಫೀಸಿನಲ್ಲಿ ಯಾರಾದರೂ ಕೇಳಿದರೆ ಇವತ್ತಿಗೂ, “ಜಿಯಾಗ್ರಫಿ ಬಹಳ ಸ್ಟ್ರಾಂಗಾಗಿದೆ” ಎನ್ನುತ್ತಾರಂತೆ.

ಗುಬ್ಬಿಯಲ್ಲಿ ನಮ್ಮ ಭಾವನವರಿದ್ದಾರೆ, ಇವರ ಅಣ್ಣ. ಸ್ಟೇಷನ್ ಕಡೆ ಅವರಿಗೆ ಸಾಲಾಗಿ ಬಾಡಿಗೆ ಮನೆಗಳಿವೆ. ಒಂದು ಪ್ರತಿ ಅವರಿಗೆ ಕೊಟ್ಟು ಬಂದೆ. ವಾರ ಕಳೆದು ಫೋನ್ ಮಾಡಿದರು.

“ಏನಮ್ಮಾ ಇದು, ಅವನ ಆಕಾಶ ಅವನು ಕೇಳಿದ್ರೆ ಅದರಲ್ಲಿ ತಪ್ಪೇನೈತೆ?”

“ಅದು ಕಥೆ ಭಾವ.”

“ಕಥೇನೇ ಇರ್ಲಿ. ಹರಿದು ತೇಪೆ ಹಾಕಿ ಇಟ್ಕೊಂಡವ್ರೆ ಬ್ಯಾರೆಯವರ ಆಸ್ತೀನ. ಅಗ್ರಿಮೆಂಟ್ ಇದೆಯಾ ಅಂದ್ರೆ ಇಲ್ಲ. ಖಾಲಿ ಮಾಡಿ ಅಂದಿದ್ದಕ್ಕೆ ಆ ಒಡೆಯನ್ನೇ ರಾಕ್ಷಸ ಅಂತ ಬರೆದವ್ನೆ. ಆ ಲೇಖಕ ಬಾಡಿಗೆ ಮನೇಲಿ ಇರೋನೇ ಇರ್ಬೇಕು, ವಿಚಾರ್ಸು.”

ಕೆಳಗಿನ ಮನೆಯ ನಸೀಮಾ ಓದಲಿಲ್ಲ, ಕೇಳಿದಳು. ಅವಳು ಬಟ್ಟೆ ಹೊಲಿಯುತ್ತಾಳೆ. ಮಷಿನ್ ತುಳಿಯುತ್ತ ಮೊಬೈಲಿನಲ್ಲಿ ಇಡೀ ಕಾದಂಬರಿಯನ್ನು ಯಾರೋ ಓದಿದ್ದನ್ನು ಕೇಳಿ ಮುಗಿಸಿದಳು. ಮೌನದ ಸೀಮೆ ಬಂದಾಗ ಓದುವವರೂ ನಡುನಡುವೆ ಸುಮ್ಮನಾಗಿದ್ದರಿಂದ ಫೋನ್ ಕೆಟ್ಟಿತು ಅಂದುಕೊಂಡು ಮಗನ ಕೈಯಲ್ಲಿ ರಿಪೇರಿಗೆ ಕಳಿಸಿದ್ದಳಂತೆ. “ಮುಂಗುಸಿ ಎಷ್ಟು ತಮೀಜಾಗಿ, ಮರ್ಯಾದೆ ಕೊಟ್ಟು ಮಾತಾಡ್ತದೆ ಅಕ್ಕಾ, ನಮ್ಮನೇಲಿ ಒಬ್ರೂ ಹಂಗೆ ಮಾತಾಡಲ್ಲ” ಎಂದು ನಿಟ್ಟುಸಿರು ಬಿಟ್ಟಳು. ಆ ವಾರ ಅವಳು ಹೊಲಿದ ನನ್ನ ಬ್ಲೌಸಿನ ಎಡತೋಳು ಬಲತೋಳಿಗಿಂತ ಒಂದು ಬೆರಳು ಉದ್ದವಾಗಿತ್ತು. ಕಾದಂಬರಿ ಅವಳನ್ನು ಎಲ್ಲಿ ಹಿಡಿದಿಟ್ಟಿತ್ತು ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕ ವಿಮರ್ಶೆಯನ್ನು ನಾನು ಓದಿಲ್ಲ.

ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಕುಕ್ಕರಿನ ಸೀಟಿಗಳ ಮಧ್ಯೆ, ಹಾಲು ಕಾಯುವ ಹೊತ್ತಿನಲ್ಲಿ, ನಾನು ಪೂರ್ತಿ ಓದಿದೆ. ಚೆನ್ನಾಗಿದೆ, ಆದರೆ ಅಷ್ಟಲ್ಲ. ಆ ಹುಡುಗಿ ಆಕಾಶಕ್ಕೆ ತೇಪೆ ಹಾಕುವಾಗ ದಾರದ ತುದಿಗೆ ಒಮ್ಮೆಯೂ ಗಂಟು ಹಾಕುವುದಿಲ್ಲ. ಮತ್ತೆ ಮತ್ತೆ ಹರಿಯದೆ ಇನ್ನೇನಾಗುತ್ತದೆ? ಆದರೆ ‘ಚೆನ್ನಾಗಿದೆ, ಆದರೆ ಅಷ್ಟಲ್ಲ’ ಎಂಬ ಅಭಿಪ್ರಾಯಕ್ಕೆ ಈ ಕಾಲದಲ್ಲಿ ಗಿರಾಕಿಗಳಿಲ್ಲ. ಬಲದಿಂದ ಸುತ್ತುವವರೂ ಸೇರಿಸಿಕೊಳ್ಳುವುದಿಲ್ಲ, ಎಡದಿಂದ ಸುತ್ತುವವರೂ ಸೇರಿಸಿಕೊಳ್ಳುವುದಿಲ್ಲ. ನಾನು ಮೈದಾನದ ಬೆಂಚಿನ ಮೇಲೆ ಕೂರುತ್ತೇನೆ.

ಹೀಗೆ ಬೆಂಚಿನ ಮೇಲೆ ಕೂತಿದ್ದಾಗಲೇ ಕುಣಿಗಲ್ಲಿನಿಂದ ನನ್ನ ತಂಗಿ ಸುಮಾ ಫೋನ್ ಮಾಡಿದ್ದು.

“ಅಕ್ಕ, ಚೈತ್ರಂಗೆ ಒಂದು ಸಂಬಂಧ ಬಂದಿದೆ ಕಣೇ. ತುಮಕೂರೇ. ಬ್ಯಾಂಕಲ್ಲಿ ಆಫೀಸರು. ಜಾತಕ ಕೂಡಿ ಬಂದಿದೆ. ಸ್ವಂತ ಮನೆ. ಒಬ್ಬನೇ ಮಗ.”

“ಒಳ್ಳೇದಾಯ್ತಲ್ಲೇ.”

“ಒಂದೇ ಕಂಡೀಷನ್ನು.” ಅವಳ ದನಿ ಇಳಿಯಿತು. ಕಾರೋ ಸೈಟೋ ಕೇಳಿದ್ದಾರೆ ಅಂದುಕೊಂಡೆ. “ಹುಡುಗಿ ಆ ಕಾದಂಬರಿ ಓದಿರಬೇಕಂತೆ.”

ಚೈತ್ರ ಸುಮಾಳ ಒಬ್ಬಳೇ ಮಗಳು. ಅಮೃತೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ದಿನಾ ಕುಣಿಗಲ್ಲಿನಿಂದ ಪ್ರೈವೇಟ್ ಬಸ್ಸಿನಲ್ಲಿ ಓಡಾಡುತ್ತಾಳೆ. ಅವಳಿಗೆ ಮೊದಲು ಬಂದ ಸಂಬಂಧ, ಹುಡುಗಿ ಕೆಲಸ ಬಿಡುವುದಿಲ್ಲ ಎಂದಿದ್ದಕ್ಕೆ ತಪ್ಪಿತ್ತು. ಆಮೇಲೆ ಬಂದದ್ದು, ಹುಡುಗಿ ಮಾತು ಸ್ವಲ್ಪ ಖಡಕ್ಕು ಎಂದು ತಪ್ಪಿತ್ತು. ಅದಾದ ಮೇಲೆ ಸಂಬಂಧಗಳು ಬರುವುದೇ ನಿಂತಿತ್ತು. ಮದುವೆ ಮನೆಗಳಿಗೆ ಹೋದರೆ ನೆಂಟರು ಸುಮಾಳನ್ನು ‘ಊಟ ಆಯ್ತಾ’ ಎಂದು ಕೇಳುವ ಮೊದಲು ‘ಚೈತ್ರಂದು ಏನಾಯ್ತು’ ಎಂದು ಕೇಳುತ್ತಿದ್ದರು. ಸುಮಾ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಈ ಸಂಬಂಧ ಕೈತಪ್ಪಿದರೆ ತಾನು ಉಳಿಯುವುದಿಲ್ಲ ಎಂಬಂತಿತ್ತು ಅವಳ ದನಿ. ಆದ್ದರಿಂದ ನಾನು ನಗಲಿಲ್ಲ. ಒಂದು ಪ್ರತಿಯನ್ನು ಮಾರನೆಯ ದಿನವೇ ಬಸ್ಸಿನಲ್ಲಿ ಕೊಂಡೊಯ್ದು ಕೊಟ್ಟೆ.

ಚೈತ್ರ ಆಗಲೇ ಓದಿ ಮುಗಿಸಿದ್ದಳು. ಶಾಲೆಯ ಲೈಬ್ರರಿಯ ಪ್ರತಿ, ಬಸ್ಸಿನಲ್ಲಿ ನಿಂತುಕೊಂಡು ಓದಿದ್ದು.

“ಹೇಗಿದೆಯೇ?” ಎಂದೆ.

“ಮೊದಲರ್ಧ ಇಷ್ಟ ಆಯ್ತು ದೊಡ್ಡಮ್ಮ. ಆಮೇಲಾಮೇಲೆ ಆಕಾಶ ಜಾಸ್ತಿ, ಹುಡುಗಿ ಕಮ್ಮಿ. ಮುಂಗುಸಿ ಸಾಯೋ ಭಾಗ ಒಂದು ನಿಜವಾಗ್ಲೂ ಚೆನ್ನಾಗಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು.”

ಸುಮಾ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು. “ಇದೆಲ್ಲ ಅಲ್ಲಿ ಹೇಳ್ಬೇಡ ಕಣೇ. ಅದ್ಭುತವಾಗಿದೆ ಅನ್ನು, ಸಾಕು.”

“ಅದ್ಭುತವಾಗಿಲ್ವಲ್ಲಮ್ಮ.”

“ಗೋಡಂಬಿ ಬರ್ಫಿ ಸಿಹಿ ಜಾಸ್ತಿಯಾಗಿದ್ರೂ ನೆಂಟರ ಮನೇಲಿ ಚೆನ್ನಾಗಿದೆ ಅಂತೀವಲ್ಲ, ಹಂಗೆ ಅನ್ಕೋ.”

“ಬರ್ಫಿ ಜೊತೆ ಸಂಸಾರ ಮಾಡಲ್ವಲ್ಲಮ್ಮ.”

ಮಗಳು ಕೈಗೆ ಸಿಗುವುದಿಲ್ಲ ಎಂದು ಸುಮಾ ತಾನೇ ಓದಲು ಕೂತಳು. ಮಾತು ಎಲ್ಲಿಗಾದರೂ ತಿರುಗಿದರೆ ಎಳೆದು ದಾರಿಗೆ ತರಲು ಒಬ್ಬರಾದರೂ ಬೇಡವೇ? ವಾರಪತ್ರಿಕೆಯ ಅಡುಗೆ ಪುಟ ಬಿಟ್ಟು ಏನನ್ನೂ ಓದದ ನನ್ನ ತಂಗಿ, ಪಾಪ, ಮೌನದ ಸೀಮೆಯನ್ನೂ ಬಿಡದೆ ಓದಿದಳು. ಒಂದು ಮಧ್ಯಾಹ್ನ ಫೋನ್ ಮಾಡಿ ಬರೀ ಮೂಗು ಒರೆಸಿಕೊಂಡಳು. ಯಾರಿಗೆ ಏನಾಯಿತೋ ಎಂದು ನನ್ನ ಜೀವ ಹೋಯಿತು.

“ಮುಂಗುಸಿ ಸತ್ತೋಯ್ತು ಅಕ್ಕ” ಎಂದಳು. “ಸಾಯೋವಾಗ್ಲೂ ಆ ಹುಡುಗೀನ, ಉಂಡ್ಯಾ ಅಂತ ಕೇಳ್ತು ಕಣೇ.”

ಆವತ್ತು ಅವಳ ಮನೆಯ ಸಾರಿಗೆ ಉಪ್ಪೇ ಇರಲಿಲ್ಲವೆಂದು ಚೈತ್ರ ಆಮೇಲೆ ಹೇಳಿದಳು.

ಭಾನುವಾರ ಹುಡುಗನ ಕಡೆಯವರು ಕುಣಿಗಲ್ಲಿಗೆ ಬರುವುದೆಂದಾಯಿತು. ನಾನೂ ಇವರೂ ಬೆಳಗ್ಗೆಯೇ ಹೋದೆವು; ಸುಮಾಳ ಯಜಮಾನರು ಇವರ ಜೊತೆ ಸೇರಿ ಕುರ್ಚಿ ಜೋಡಿಸಿದರು. ನನಗೆ ಹೆಣ್ಣು ನೋಡುವ ಶಾಸ್ತ್ರವೆಂದರೆ ಈಗಲೂ ಹೆದರಿಕೆ. ನನ್ನನ್ನು ನೋಡಲು ಬಂದಾಗ ನಮ್ಮತ್ತೆ, ಒಂದು ಹಾಡು ಹೇಳಮ್ಮ ಎಂದರು. ನಾನು ಓದಿದ್ದು ಕಾನ್ವೆಂಟಿನಲ್ಲಿ. ದೇವರನಾಮ ಒಂದೂ ಪೂರ್ತಿ ಬರದು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಸಿಸ್ಟರ್‌ಗಳು ಬೆಳಗಿನ ಪ್ರಾರ್ಥನೆಗೆ ಹೇಳಿಸುತ್ತಿದ್ದ ಇಂಗ್ಲಿಷ್ ಹಾಡು. ಕೈಕಟ್ಟಿಕೊಂಡು ಎದ್ದು ನಿಂತು ಹಾಡಿದೆ. ನಮ್ಮಪ್ಪ ನೆಲ ನೋಡುತ್ತಿದ್ದರು. ಅತ್ತೆ ಕಣ್ಣು ಮುಚ್ಚಿ ಕೇಳಿ, ಕೊನೆಗೆ ಕೈಮುಗಿದು, “ಯಾವ ಅಮ್ಮನವರ ಮೇಲಿನದಮ್ಮ?” ಎಂದರು. ನಮ್ಮಮ್ಮ ತಡಮಾಡದೆ, “ಎಲ್ಲಾ ಒಂದೇ ಅಲ್ವಾ” ಎಂದರು. ನನ್ನ ಮದುವೆ ನಿಂತಿರುವುದು ಆ ಉತ್ತರದ ಮೇಲೆ.

ಈಗ ಹಾಡು ಕೇಳುವುದಿಲ್ಲ. ಹಾಡು ಹಳೆಯ ಕಾಲದ್ದು, ಹುಡುಗಿಯರಿಗೆ ಅವಮಾನ. ಈಗ ಅಭಿರುಚಿ ಕೇಳುತ್ತಾರೆ.

ಹುಡುಗ ಶಶಾಂಕ ನೋಡಲು ಲಕ್ಷಣವಾಗಿದ್ದ. ಖಾದಿ ಜುಬ್ಬ, ಹೆಗಲಿಗೊಂದು ಬಟ್ಟೆಯ ಚೀಲ. ಜುಬ್ಬಾದ ಮಡಿಕೆಗಳು ಇನ್ನೂ ಅಂಗಡಿಯವು. ಜೊತೆಯಲ್ಲಿ ಅವನ ತಾಯಿ, ತಂದೆ. ಕೂತವನೇ ಚೀಲದಿಂದ ಕಾದಂಬರಿ ತೆಗೆದು ಟೀಪಾಯಿಯ ಮೇಲೆ, ಹಣ್ಣಿನ ತಟ್ಟೆಯ ಪಕ್ಕದಲ್ಲಿ ಇಟ್ಟ. ಕೆಲವರು ಕೂತ ಕೂಡಲೇ ಕಾರಿನ ಕೀ ಇಡುತ್ತಾರಲ್ಲ, ಹಾಗೆ.

“ಯಾವಾಗ್ಲೂ ಜೊತೇಲೇ ಇರುತ್ತೆ” ಎಂದರು ಅವನ ತಾಯಿ, ಹೆಮ್ಮೆಯಿಂದ. “ಇದರ ಬಗ್ಗೆ ಫೇಸ್‌ಬುಕ್ಕಲ್ಲಿ ಬರೀತಾನೆ. ಎಷ್ಟು ಜನ ಲೈಕ್ ಮಾಡ್ತಾರೆ ಗೊತ್ತಾ? ಲೇಖಕರೇ ಸೈನ್ ಹಾಕ್ಕೊಟ್ಟಿದಾರೆ.”

“ಮೂರು ಸಲ ಓದಿದೀನಿ” ಎಂದ ಶಶಾಂಕ. “ಪ್ರತಿ ಸಲ ಹೊಸ ಕಾದಂಬರಿ ಓದಿದ ಹಾಗಾಗುತ್ತೆ.”

ಚೈತ್ರ ಉಪ್ಪಿಟ್ಟು ಕೇಸರಿಬಾತು ತಂದಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ಕನ್ನಡಕ ತೆಗೆಯಬೇಕೆಂದು ಸುಮಾ ಬೆಳಗ್ಗೆಯಿಂದ ಹೇಳಿದ್ದಳು, ಅವಳು ತೆಗೆದಿರಲಿಲ್ಲ. ಹುಡುಗ ಚಮಚ ಕೆಳಗಿಟ್ಟ.

“ಹೇಗನ್ನಿಸ್ತು ಕಾದಂಬರಿ?”

ಸುಮಾ ಬಾಗಿಲ ಬಳಿ ನಿಂತು ಮಗಳನ್ನೇ ನೋಡುತ್ತಿದ್ದಳು. ತುಟಿಗಳು ಸದ್ದಿಲ್ಲದೆ ‘ಅದ್ಭುತ’ ಎನ್ನುತ್ತಿದ್ದವು.

“ಮೊದಲರ್ಧ ಇಷ್ಟ ಆಯ್ತು” ಎಂದಳು ಚೈತ್ರ. “ಎರಡನೇ ಅರ್ಧ ಅಷ್ಟಿಲ್ಲ.”

ಶಶಾಂಕ ನಸುನಕ್ಕ. ಇಂಥ ನಗುವನ್ನು ನಾನು ಬಲದಿಂದ ಸುತ್ತುವವರ ಮುಖದಲ್ಲಿ ಕಂಡಿದ್ದೇನೆ. “ಮೊದಲ ಓದಿಗೆ ಎಲ್ರಿಗೂ ಹಾಗೇ ಅನ್ಸುತ್ತೆ. ಎರಡನೇ ಅರ್ಧದಲ್ಲೇ ಇರೋದು ನಿಜವಾದ ಕಾದಂಬರಿ. ಮುಂಗುಸಿ ಯಾರು? ನಮ್ಮೊಳಗಿನ ಭರವಸೆ. ಕೊನೆಗೆ ಮುಂಗುಸಿ ಅವಳ ಹೆಗಲ ಮೇಲೆ ಕೂತು ಆಕಾಶ ದಾಟುತ್ತಲ್ಲ, ಅಲ್ಲೇ ಇದೆ ಇಡೀ ಕೃತಿಯ ಆಶಯ.”

ನಾನು ಸುಮಾಳನ್ನು ನೋಡಿದೆ. ಮುಂಗುಸಿಗಾಗಿ ಒಂದು ಹೊತ್ತಿನ ಸಾರು ಕೆಡಿಸಿದವಳು ಅವಳು. ಹುಡುಗನ ತಾಯಿ ಅವಳ ಕಡೆ ತಿರುಗಿ, “ನೀವೂ ಓದಿದೀರಂತಲ್ಲ” ಎಂದರು.

“ಹೌದು... ಹೌದೌದು” ಎಂದಳು ಸುಮಾ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ದಾಟುತ್ತೆ. ಹೆಗಲ ಮೇಲೆ ಕೂತ್ಕೊಂಡು. ತುಂಬಾ ಚೆನ್ನಾಗಿದೆ.”

ಮಗಳ ಮದುವೆಗಾಗಿ ತಾಯಂದಿರು ಏನೇನೋ ಮಾಡಿದ್ದನ್ನು ನೋಡಿದ್ದೇನೆ. ಸತ್ತ ಮುಂಗುಸಿಯನ್ನು ಬದುಕಿಸಿದ್ದು ಅವತ್ತೇ ನೋಡಿದ್ದು. ಅವಳ ಕಣ್ಣಂಚು ಒದ್ದೆಯಾಗಿತ್ತು. ಎರಡನೇ ಸಲವೂ ಅವಳು ಅದಕ್ಕಾಗಿಯೇ ಅತ್ತಿರಬೇಕು.

“ಮುಂಗುಸಿ ಸತ್ತೋಗುತ್ತಲ್ವಾ?” ಎಂದಳು ಚೈತ್ರ. ಕ್ಲಾಸಿನಲ್ಲಿ ಯಾವನೋ ಹುಡುಗ ಬೋರ್ಡಿನ ಮೇಲೆ ತಪ್ಪು ಲೆಕ್ಕ ಬರೆದಾಗ ಕೇಳುವ ದನಿ. ಕೋಪವಿಲ್ಲ, ಬರೀ ವಿಚಾರಣೆ. “ಮೌನದ ಸೀಮೆ ದಾಟಿದ ಮೇಲೆ.”

ಶಶಾಂಕ ಟೀಪಾಯಿಯ ಮೇಲಿನ ಪುಸ್ತಕವನ್ನು ನೇರ ಮಾಡಿ ಇಟ್ಟ. ಆಮೇಲೆ ಮತ್ತದೇ ನಗು.

“ನಿಮಗೆ ಅರ್ಥ ಆಗಿಲ್ಲ ಅನ್ಸುತ್ತೆ. ಸಾಯೋದು ಅನ್ನೋದು ಮೇಲ್ನೋಟದ ಓದು. ದೊಡ್ಡ ಕೃತೀಲಿ ಯಾರೂ ಸುಮ್ನೆ ಸಾಯಲ್ಲ.”

“ಹೂತು, ಮೇಲೆ ಕಲ್ಲಿಟ್ಟು ಬರ್ತಾಳಲ್ಲ” ಎಂದಳು ಚೈತ್ರ.

“ಅದೇ ಹೇಳ್ದೆ. ಅರ್ಥ ಆಗಿಲ್ಲ.” ಅವನು ತಾಯಿಯ ಕಡೆ ನೋಡಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದ. “ನಾನು ಹೇಳ್ಕೊಡ್ತೀನಿ ಬಿಡಿ, ಆಮೇಲೆ.”

ಚೈತ್ರ ಸುಮ್ಮನಾದಳು. ಅವಳು ಸುಮ್ಮನಾಗುವುದನ್ನು ನಾನು ಹೆಚ್ಚು ನೋಡಿಲ್ಲ. ಸುಮಾ ನನ್ನತ್ತ ನೋಡಿದಳು, ಏನಾದರೂ ಮಾಡು ಎಂಬಂತೆ. ಏನು ಮಾಡಲಿ? ಮಾತು ತಿರುಗಿಸೋಣವೆಂದು, “ಲೇಖಕರ ಸೈನ್ ಇದೆ ಅಂದ್ರಲ್ಲ, ನೋಡ್ಲಾ?” ಎಂದೆ. ಹುಡುಗ ಸಂತೋಷದಿಂದ ಪುಸ್ತಕ ಕೊಟ್ಟ.

ಇಲ್ಲಿ ನನ್ನದೊಂದು ಅಭ್ಯಾಸ ಹೇಳಬೇಕು. ಕಾನ್ವೆಂಟಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರಿದ್ದರು, ಕೇರಳದವರು. ಹೊಸ ಪುಸ್ತಕ ಬಂದರೆ ನಮ್ಮನ್ನು ಕೈತೊಳೆಸಿ ಕೂರಿಸಿ, ಅದನ್ನು ಹೇಗೆ ಬಿಚ್ಚಬೇಕೆಂದು ಹೇಳಿಕೊಡುತ್ತಿದ್ದರು. ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸಿ, ಮುಂದಿನಿಂದ ಒಂದಿಷ್ಟು ಹಾಳೆ ಮಲಗಿಸಿ ಸವರಬೇಕು, ಆಮೇಲೆ ಹಿಂದಿನಿಂದ ಒಂದಿಷ್ಟು, ಮತ್ತೆ ಮುಂದಿನಿಂದ, ಹೀಗೆ ನಡುವಿಗೆ ಬರಬೇಕು. ಇಲ್ಲವಾದರೆ ಪುಸ್ತಕಕ್ಕೆ ಬೆನ್ನುನೋವು ಬರುತ್ತದೆ ಎನ್ನುತ್ತಿದ್ದರು. ಅವರ ಕನ್ನಡದಲ್ಲಿ ಅದು ‘ಬೆಣ್ಣುನೋವು’ ಆಗಿ, ಪುಸ್ತಕಕ್ಕೂ ಬೆಣ್ಣೆಗೂ ಏನು ಸಂಬಂಧವೆಂದು ನಾನು ಬಹಳ ದಿನ ಯೋಚಿಸಿದ್ದೆ. ಸಿಸ್ಟರ್ ಈಗಿಲ್ಲ, ನನ್ನ ಕೈ ಮಾತ್ರ ಯಾವ ಪುಸ್ತಕ ಸಿಕ್ಕಿದರೂ ಅದನ್ನೇ ಮಾಡುತ್ತದೆ.

ಸಹಿ ನೋಡಿದೆ. ಕೈ ತನ್ನ ಪಾಡಿಗೆ ಮುಂದಿನಿಂದ ಒಂದಿಷ್ಟು, ಹಿಂದಿನಿಂದ ಒಂದಿಷ್ಟು ಹಾಳೆ ಸವರತೊಡಗಿತು. ಎರಡನೇ ಅರ್ಧದಲ್ಲಿ ಒಂದು ಕಡೆ ನಿಂತಿತು. ಒಂದಿಷ್ಟು ಹಾಳೆಗಳು ಮೇಲಿನ ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಅಂಟಿದ್ದಲ್ಲ, ಪ್ರೆಸ್ಸಿನಲ್ಲಿ ಮಡಿಚಿದ ಹಾಳೆ, ಮೇಲಂಚು ಕತ್ತರಿಸದೆ ಹಾಗೇ ಉಳಿದಿದೆ. ಕೆಲವು ಪುಸ್ತಕಗಳಲ್ಲಿ ಹೀಗಾಗುತ್ತದೆ. ನಾವು ಓದುತ್ತ ಅಲ್ಲಿಗೆ ಬಂದಾಗ ಸ್ಕೇಲೋ ಬಾಚಣಿಗೆಯೋ ತೂರಿಸಿ ಸೀಳಿಕೊಳ್ಳುತ್ತೇವೆ. ಸೀಳದೆ ಒಳಗಿರುವುದನ್ನು ಓದುವುದು ಯಾರಿಂದಲೂ ಸಾಧ್ಯವಿಲ್ಲ. ಒಂದು ಸಲವೂ ಸಾಧ್ಯವಿಲ್ಲ.

ಹಾಳೆಗಳ ನಡುವೆ ಸ್ವಲ್ಪ ಬೆರಳಿಟ್ಟು ಇಣುಕಿದೆ. ಒಳಗೆ ಮುಂಗುಸಿ ಸಾಯುತ್ತಿತ್ತು.

ನಾನು ಜಗಳಗಂಟಿಯಲ್ಲ. ಹಾಲಿನವನು ನೀರು ಬೆರೆಸಿದರೆ, ಮಳೆಗಾಲ ಅಲ್ವಾ ಎಂದು ನಾನೇ ಅವನ ಪರವಾಗಿ ಹೇಳಿಕೊಳ್ಳುವವಳು. ಪುಸ್ತಕ ಮುಚ್ಚಿ ಕೊಟ್ಟುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕಣ್ಣೆತ್ತಿದಾಗ ಚೈತ್ರ ತನ್ನ ಉಗುರು ನೋಡಿಕೊಂಡು ಕೂತಿದ್ದಳು. ತನ್ನ ಓದಿನ ಮೇಲೆ ಅವಳಿಗೇ ಅನುಮಾನ ಬಂದಂತಿತ್ತು. ತಾನು ಕಣ್ಣಾರೆ ಓದಿದ್ದು, ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಓದಿದ್ದು, ನಿಜಕ್ಕೂ ಅಲ್ಲಿತ್ತೇ ಎಂದು.

ಹಣ್ಣಿನ ತಟ್ಟೆಯಲ್ಲಿದ್ದ ಚಾಕು ತೆಗೆದುಕೊಂಡೆ. ಸೇಬಿನ ರಸವನ್ನು ಕರ್ಚೀಫಿನಲ್ಲಿ ಒರೆಸಿದೆ.

“ಶಶಾಂಕ್, ಇಲ್ಲೊಂದಿಷ್ಟು ಪುಟ ಕೂಡ್ಕೊಂಡೇ ಇದೆ ನೋಡಿ. ಪ್ರೆಸ್ಸಿನವರು ಕತ್ತರಿಸೋದು ಮರೆತಿದಾರೆ. ಬಿಡಿಸ್ಕೊಡ್ತೀನಿ ಇರಿ.”

ಕಾಗದ ಸೀಳುವ ಸದ್ದು ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ನಿಧಾನವಾಗಿ, ಹರಿಯದ ಹಾಗೆ, ಸಿಸ್ಟರ್ ನೋಡಿದ್ದರೆ ಮೆಚ್ಚುವ ಹಾಗೆ, ಒಂದೊಂದೇ ಸೀಳಿದೆ. ಕಾಗದದ ಪುಡಿಯನ್ನು ಅಂಗೈಯಲ್ಲಿ ಒಟ್ಟುಮಾಡಿದೆ. ಪುಸ್ತಕವನ್ನು ಆ ಪುಟಕ್ಕೇ ತೆರೆದು ಅವನ ಮುಂದಿಟ್ಟೆ.

“ಈಗ ಓದಬಹುದು” ಎಂದೆ. ಗೇಲಿ ಮಾಡಬೇಕೆಂದು ಅಂದದ್ದಲ್ಲ. ಆದರೆ ಹೊರಗೆ ಬಂದ ಮೇಲೆ ಮಾತು ಹಾಗೇ ಕೇಳಿಸಿತು.

ಹುಡುಗನ ಕಿವಿಗಳು ಕೆಂಪಾದವು. “ಇದು... ಇದು ಸೈನ್ ಹಾಕಿಸ್ಕೊಳ್ಳೋಕೆ ತಗೊಂಡಿದ್ದು. ನಾನು ಓದಿದ್ದು ಬೇರೆ ಕಾಪಿ” ಎಂದ.

“ಯಾವಾಗ್ಲೂ ಜೊತೇಲಿರೋದು ಇದೇ ಅಲ್ವೇನೋ?” ಎಂದರು ಅವನ ತಂದೆ. ಅಷ್ಟು ಹೊತ್ತಿನಿಂದ ಕೇಸರಿಬಾತು ತಿನ್ನುವುದರಲ್ಲಿದ್ದ ಮನುಷ್ಯ, ಅವತ್ತು ಅವರು ಆಡಿದ್ದು ಅದೊಂದೇ ಮಾತು. ಹೆಂಡತಿ ಅವರತ್ತ ನೋಡಿದರು. ಅವರು ಮತ್ತೆ ಕೇಸರಿಬಾತಿಗೆ ಮರಳಿದರು.

ಅವರನ್ನು ಕಳಿಸಿ ಬಂದ ಮೇಲೆ ಸುಮಾ ನನ್ನ ಜೊತೆ ಮಾತಾಡಲಿಲ್ಲ. ಪಾತ್ರೆ ತೊಳೆಯುವ ಸದ್ದಿನಲ್ಲೇ ಎಲ್ಲವನ್ನೂ ಹೇಳಿದಳು. ತುಮಕೂರಿನ ಬಸ್ಸು ಹತ್ತುವಾಗ ಇವರು ಮಾತ್ರ, “ನೀನು ಚಾಕು ತಗೊಂಡಾಗ ನಾನು ಬೇರೇನೋ ಅಂದ್ಕೊಂಡೆ” ಎಂದರು.

ಆಶ್ಚರ್ಯವೆಂದರೆ, ಆ ವಾರವೇ ಹುಡುಗನ ತಾಯಿ ಫೋನ್ ಮಾಡಿದರು. ಒಪ್ಪಿಗೆಯಂತೆ. ಸುಮಾ ನನ್ನ ಮೇಲಿನ ಕೋಪವನ್ನೆಲ್ಲ ಮರೆತು ಆ ಮಾತುಗಳನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು: “ಹುಡುಗಿ ಒಪ್ಪಿಗೆಯಾಗಿದಾಳೆ. ಅಭಿರುಚಿ ಸ್ವಲ್ಪ ಕಮ್ಮಿ, ಅದನ್ನ ನಮ್ಮ ಶಶಾಂಕ ತಿದ್ಕೋತಾನೆ. ಆದ್ರೆ ನಿಮ್ಮಕ್ಕ ಮಾತ್ರ ತುಂಬಾ ಕೈಚಳಕದೋರು.”

ನಾನು ಶನಿವಾರ ಮತ್ತೆ ಕುಣಿಗಲ್ಲಿಗೆ ಹೋದೆ. ಏನಾದರೂ ಕೆಡಿಸಿದ್ದರೆ ಸರಿಮಾಡೋಣ ಎಂದು. ಚೈತ್ರ ಶಾಲೆಯಿಂದ ಬಂದು ಚೀಲ ಕುರ್ಚಿಗೆ ತೂಗುಹಾಕಿ, “ನನಗೆ ಬೇಡಮ್ಮ” ಎಂದಳು.

ಸುಮಾ ಅಲ್ಲೇ ನೆಲದ ಮೇಲೆ ಕೂತಳು. “ಅಯ್ಯೋ, ಓದಿಲ್ದಿದ್ರೆ ಏನಾಯ್ತೇ? ನಿಮ್ಮಪ್ಪ ಓದ್ತಾರಾ? ನಿಮ್ಮ ದೊಡ್ಡಪ್ಪ ಮ್ಯಾಪ್ ನೋಡಿ ಮುಚ್ಚಿಟ್ರು, ಅವರು ಸಂಸಾರ ಮಾಡಿಲ್ವಾ? ಒಂದು ಮುಂಗುಸಿಗೋಸ್ಕರ ಇಂಥ ಸಂಬಂಧ ಬಿಡ್ತಾರೇನೇ?”

“ಓದದೇ ಇದ್ದಿದ್ದಕ್ಕಲ್ಲಮ್ಮ.” ಚೈತ್ರ ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. “ಎಷ್ಟೋ ಜನ ಓದಲ್ಲ. ಅವರು ಓದದೇನೇ, ಓದಿದ ನನಗೆ ಅರ್ಥ ಆಗಿಲ್ಲ ಅಂದ್ರಲ್ಲ. ಒಂದು ಗಳಿಗೆ ನಾನು ನಂಬಿಬಿಟ್ಟೆ. ನಾನೇ ತಪ್ಪು ಓದಿದ್ನೇನೋ ಅಂತ. ದೊಡ್ಡಮ್ಮ ಆ ಪುಟ ಬಿಡಿಸದೇ ಇದ್ದಿದ್ರೆ ಮದುವೆ ಆದ್ಮೇಲೂ ನಂಬ್ತಿದ್ದೆ. ಇವತ್ತು ಮುಂಗುಸಿ. ನಾಳೆ ಸಾರಿಗೆ ಉಪ್ಪು ಹಾಕಿದೀನಿ ಅಂದ್ರೆ, ಹಾಕಿಲ್ಲ, ನಿನಗೆ ಅರ್ಥ ಆಗಿಲ್ಲ ಅಂತಾರೆ.” ಆಮೇಲೆ ತಾಯಿಯ ಮುಖ ನೋಡಿ, “ನೀನೂ ಅಷ್ಟೇ ಅಮ್ಮ. ಅತ್ತಿದ್ದೆ ನೀನು. ಅಲ್ಲಿ ಕೂತು, ದಾಟುತ್ತೆ ಅಂದೆ” ಎಂದಳು.

ಸುಮಾ ಸೆರಗಿನಿಂದ ಮುಖ ಒರೆಸಿಕೊಂಡಳು. “ನಿನಗೋಸ್ಕರ ಅಂದೆ ಕಣೇ.”

“ಗೊತ್ತಮ್ಮ. ಅದಕ್ಕೇ ಬೇಡ ಅಂತಿರೋದು.”

ಸುಮಾ ಆಮೇಲೆ ಮಾತು ಬೆಳೆಸಲಿಲ್ಲ. ಹುಡುಗನ ಮನೆಗೆ, ಜಾತಕವನ್ನು ಇನ್ನೊಬ್ಬರ ಹತ್ತಿರ ತೋರಿಸಿದೆವು, ಅಷ್ಟು ಸರಿಹೋಗುತ್ತಿಲ್ಲ ಎಂದು ತಾನೇ ಫೋನ್ ಮಾಡಿ ಹೇಳಿದಳು. ಶಶಾಂಕನ ಫೇಸ್‌ಬುಕ್ಕಿನಲ್ಲಿ ಮಾರನೆಯ ದಿನ, ದೊಡ್ಡ ಕೃತಿಗಳನ್ನು ಸಣ್ಣ ಊರುಗಳು ಹೇಗೆ ಅರ್ಥಮಾಡಿಕೊಳ್ಳಲಾರವು ಎಂಬ ದೀರ್ಘ ಬರಹ ಬಂತು. ನಸೀಮಾಳ ಮಗ ತಂದು ತೋರಿಸಿದ. ತುಂಬಾ ಜನ ಮೆಚ್ಚಿದ್ದರು. ಗುಬ್ಬಿಯ ಭಾವನವರೂ ಮೆಚ್ಚಿದ್ದರು. ಕೇಳಿದರೆ, ಓದಲಿಲ್ಲಮ್ಮ, ಹೆಬ್ಬೆಟ್ಟು ತಗುಲಿರಬೇಕು ಎಂದರು.

ಮೊನ್ನೆ ನಾನು ಸುಮಾಳ ಮನೆಯಲ್ಲಿದ್ದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು, ಚೈತ್ರ ಒಳಗೆ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದಳು. ಸಂಬಂಧ ಹೇಳುವ ಪುಟ್ಟಸ್ವಾಮಿಯವರ ಫೋನ್ ಬಂತು. ಕೈಯಲ್ಲಿ ಸೊನೆ ಇದ್ದುದರಿಂದ ಸುಮಾ ಸ್ಪೀಕರ್ ಹಾಕಿದಳು.

“ಒಂದು ಒಳ್ಳೆ ಹುಡುಗ ಅವ್ನೆ ತಾಯಿ. ಅಂತರಸನಹಳ್ಳೀಲಿ ಸ್ವಂತ ವರ್ಕ್‌ಶಾಪು. ಕುಡಿಯಲ್ಲ, ಸೇದಲ್ಲ.”

ಸುಮಾ ನನ್ನ ಮುಖ ನೋಡಿದಳು. ಆಮೇಲೆ ಫೋನಿಗೆ ಬಗ್ಗಿ, ದನಿ ತಗ್ಗಿಸಿ ಕೇಳಿದಳು:

“ಓದ್ತಾನಾ?”

“ಛೆ ಛೆ, ಬುಡಿ ತಾಯಿ. ಅಂಥ ಅಭ್ಯಾಸ ಒಂದೂ ಇಲ್ಲ.”

ಸುಮಾಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ನೆಮ್ಮದಿ ಕಂಡಿತು. ಒಳಗಿನಿಂದ ಚೈತ್ರ, ಪೇಪರಿನಿಂದ ತಲೆಯೆತ್ತದೆಯೇ ಇರಬೇಕು, ಹೇಳಿದಳು:

“ಓದದೇ ಇದ್ರೆ ಪರವಾಗಿಲ್ಲಮ್ಮ. ಓದದೇ ಇರೋ ಪುಸ್ತಕದ ಬಗ್ಗೆ ಮಾತಾಡ್ತಾರಾ, ಅದನ್ನ ಕೇಳು.”

ಸುಮಾ ಕೇಳಿದಳು. ಆ ಕಡೆ ಪುಟ್ಟಸ್ವಾಮಿಯವರು ತಮ್ಮ ಡೈರಿಯ ಹಾಳೆಗಳನ್ನು ಮಗುಚುವ ಸದ್ದು ಕೇಳಿಸಿತು. ಇಷ್ಟು ವರ್ಷದ ಅವರ ಕಸುಬಿನಲ್ಲಿ ಈ ಗುಣವನ್ನು ಯಾರೂ ವಿಚಾರಿಸಿರಲಿಲ್ಲವೆಂದು ಕಾಣುತ್ತದೆ.

“ಹಂಗೆ ಮಾತಾಡ್ದೇ ಇರೋನು ಬೇಕು ಅಂದ್ರೆ” ಎಂದರು ಕೊನೆಗೆ, “ಸ್ವಲ್ಪ ಟೈಮ್ ಕೊಡ್ಬೇಕಾಯ್ತದೆ ತಾಯಿ.”